ತೋಳ, ಚಿರತೆಗಳನ್ನು ಕೊಲ್ಲದೆ ಕುರಿಹಿಂಡು ಕಾಯುವ ಬಗೆ

ಬೀಳಗಿ, ಮುಧೋಳ ಸೀಮೆಯ ಕುರುಚಲು ಗುಡ್ಡಗಳಲ್ಲಿ, ಇಂಡಿ, ಚಡಚಣದ ಬಯಲಿನಲ್ಲಿ, ಸವದತ್ತಿ, ರಾಮದುರ್ಗದ ಕಲ್ಲುದಿಣ್ಣೆಗಳಲ್ಲಿ ಕುರಿ ಮೇಯಿಸುವವರಿಗೆ ತೋಳ ಹೊಸ ಪ್ರಾಣಿಯಲ್ಲ. ಬಾದಾಮಿಯ ಕೆಂಗಲ್ಲಿನ ಗುಡ್ಡಗಳಲ್ಲಿ ಮತ್ತು ಖಾನಾಪುರದ ಕಾಡಂಚಿನಲ್ಲಿ ಚಿರತೆಯ ಭಯವಿದೆ. ಕೃಷ್ಣೆ, ಘಟಪ್ರಭೆಯ ದಂಡೆಗುಂಟ ಕಬ್ಬು ಬೆಳೆದಲ್ಲೆಲ್ಲ ನರಿಗಳಿವೆ. ಕುರಿಗಾರರ ಮನೆಯಲ್ಲಿ ಹುಟ್ಟಿ, ಶಾಲೆಯ ರಜೆಗಳನ್ನೆಲ್ಲ ಹಿಂಡಿನ ಹಿಂದೆ ಕಳೆದ ನನಗೆ ಮರಿ ಹೋದ ಬೆಳಗ್ಗೆ ಮನೆಯಲ್ಲಿ ಕವಿಯುವ ಮೌನ ಗೊತ್ತು. ಆ ಸಂಕಟದಲ್ಲಿ ಉರುಳು ಹಾಕೋಣ, ವಿಷ ಇಡೋಣ ಎಂಬ ಮಾತು ಏಳುವುದೂ ಗೊತ್ತು. ಆದರೆ ನಮ್ಮ ಹಿಂಡಿನಿಂದ ಹೋದ ಒಂದೊಂದು ಕುರಿಯೂ ಎಲ್ಲಿ, ಯಾವ ಹೊತ್ತಿಗೆ ಹೋಯಿತು ಎಂದು ಕೂತು ಲೆಕ್ಕ ಹಾಕಿದಾಗ ನಮಗೆ ಕಂಡದ್ದು ಬೇರೆಯೇ ಸಂಗತಿ. ಹೆಚ್ಚಿನವು ಹಿಂಡಿನ ಸಡಿಲಾದ ಅಂಚಿನಿಂದ ಹೋಗಿದ್ದವು: ಹಿಂದುಳಿದ ಮರಿ, ಕುಂಟುತ್ತಿದ್ದ ಕುರಿ, ಬಲೆ ಜೋತುಬಿದ್ದ ಮೂಲೆ, ಯಾರೂ ಮಲಗದಿದ್ದ ಬದಿ. ಆ ಅಂಚನ್ನು ಬಿಗಿಗೊಳಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ.

ವಿಷದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ತೋಳ ಮತ್ತು ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಕತ್ತೆಕಿರುಬ ಮತ್ತು ನರಿಗಳೂ ಅಲ್ಲಿಗೆ ಸೇರಿವೆ. ಇವುಗಳನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವಾಗಬಹುದು. ಕಾನೂನನ್ನು ಬದಿಗಿಟ್ಟು ನೋಡಿದರೂ ವಿಷದಿಂದ ಕುರಿಗಾರನಿಗೇ ನಷ್ಟ. ವಿಷ ಹಚ್ಚಿದ ಹೆಣಕ್ಕೆ ಅನೇಕ ವೇಳೆ ಮೊದಲು ಬಾಯಿ ಹಾಕುವುದು ಅವನದೇ ನಾಯಿ. ಆಮೇಲೆ ಕಾಗೆ, ಹದ್ದುಗಳು ಸಾಯುತ್ತವೆ. ತೋಳ ಸತ್ತರೂ ಅದರ ಸೀಮೆ ಬಹುಕಾಲ ಬರಿದಾಗಿ ಉಳಿಯುವುದಿಲ್ಲ. ಗುಂಪಿನ ಹಿರಿಯ ಜೋಡಿ ಸತ್ತು, ಬೇಟೆಯಲ್ಲಿ ಇನ್ನೂ ಪಳಗದ ಎಳೆಯ ತೋಳಗಳು ಚದುರಿಹೋದರೆ ಅವಕ್ಕೆ ಚಿಂಕಾರಕ್ಕಿಂತ (ಬಯಲಿನ ಸಣ್ಣ ಹುಲ್ಲೆ) ಸುಲಭವಾಗಿ ಸಿಗುವುದು ಕುರಿಮರಿಯೇ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ತೋಳಗಳ ಒಂದೇ ಗುಂಪು ಅನೇಕ ವೇಳೆ ಅದಕ್ಕಿಂತ ದೊಡ್ಡ ಸೀಮೆಯಲ್ಲಿ ಓಡಾಡುತ್ತದೆ. ಆದ್ದರಿಂದ ತೋಳ ನಮ್ಮ ಹೊಲ, ಗೋಮಾಳಗಳನ್ನು ದಾಟದೆ ಬದುಕಲಾರದು. ಇಡೀ ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರ ಎಂದು ಅಂದಾಜು; ಅವುಗಳಲ್ಲಿ ಕೆಲವು ನಮ್ಮ ಗುಡ್ಡಗಳಲ್ಲಿವೆ ಎಂಬುದು ನನ್ನ ಮಟ್ಟಿಗೆ ಹೆಮ್ಮೆಯ ಸಂಗತಿ. ಅವು ಬದುಕಬೇಕು, ನಮ್ಮ ಕುರಿಯೂ ಉಳಿಯಬೇಕು.

ಮೊದಲ ಹೆಜ್ಜೆ: ಹಿಡಿದದ್ದು ಯಾವುದೆಂದು ತಿಳಿಯುವುದು

ಚಿರತೆಗೆ ಮಾಡುವ ಏರ್ಪಾಡು ನಾಯಿಗೆ ನಡೆಯುವುದಿಲ್ಲ, ನಾಯಿಗೆ ಮಾಡಿದ್ದು ಚಿರತೆಯನ್ನು ತಡೆಯುವುದಿಲ್ಲ. ಹೀಗಾಗಿ ಕುರಿ ಸತ್ತ ಜಾಗಕ್ಕೆ ಜನ ನುಗ್ಗಿ ನೆಲವನ್ನೆಲ್ಲ ತುಳಿಯುವ ಮೊದಲು ಗುರುತುಗಳನ್ನು ನೋಡಿಕೊಳ್ಳಬೇಕು. ಚಿರತೆಯ ಹೆಜ್ಜೆ ದುಂಡಗಿದ್ದು ಅದರಲ್ಲಿ ಉಗುರಿನ ಗುರುತು ಮೂಡುವುದಿಲ್ಲ. ತೋಳ, ನಾಯಿ, ನರಿ, ಕತ್ತೆಕಿರುಬಗಳ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ತೋಳದ ಹೆಜ್ಜೆಗಳು ದಾರ ಹಿಡಿದಂತೆ ನೇರವಾಗಿ ಸಾಗುತ್ತವೆ, ನಾಯಿಯವು ಅತ್ತಿತ್ತ ಸುಳಿದಾಡುತ್ತವೆ. ಕತ್ತೆಕಿರುಬದ ಮುಂಗಾಲ ಗುರುತು ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಎಲುಬು ತಿನ್ನುವ ಪ್ರಾಣಿಯಾದ್ದರಿಂದ ಅದರ ಹಿಕ್ಕೆ ಒಣಗಿದ ಮೇಲೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಚಿರತೆ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕಿ ಕೊಂದು, ಬೇಟೆಯನ್ನು ಪೊದೆಗೋ ಕಲ್ಲಿನ ಸಂದಿಗೋ ಎಳೆದೊಯ್ಯುತ್ತದೆ. ತೋಳ ಸಣ್ಣ ಮರಿಯನ್ನು ಕಚ್ಚಿಕೊಂಡೇ ಓಡುತ್ತದೆ; ಅನೇಕ ಸಲ ಅಲ್ಲಿ ರಕ್ತದ ಹನಿಯೂ ಉಳಿಯುವುದಿಲ್ಲ. ಬೀದಿನಾಯಿಗಳ ಗುಂಪು ಮಾತ್ರ ಹಿಂಬದಿ, ಕಿವಿ, ಬಾಲ ಎಂದು ಸಿಕ್ಕಲ್ಲೆಲ್ಲ ಕಚ್ಚಿ, ಹಲವು ಕುರಿಗಳನ್ನು ಗಾಯಗೊಳಿಸಿ, ತಿನ್ನದೆಯೇ ಬಿಟ್ಟುಹೋಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ನನಗೆ ಪಶುವೈದ್ಯರೊಬ್ಬರು ಕಲಿಸಿದರು. ಕಚ್ಚಿದ ಜಾಗದ ಚರ್ಮವನ್ನು ಮರಣೋತ್ತರ ಪರೀಕ್ಷೆಯ ವೇಳೆ ಸುಲಿದು ನೋಡಿದಾಗ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಕುರಿ ಬದುಕಿದ್ದಾಗಲೇ ಹಲ್ಲು ಬಿದ್ದಿದೆ. ಒಳಗಡೆ ಬಿಳಿಚಿಕೊಂಡಿದ್ದರೆ ಅದು ರೋಗದಿಂದಲೋ ಹೊಟ್ಟೆಯುಬ್ಬರದಿಂದಲೋ ಮೊದಲೇ ಸತ್ತು, ಆಮೇಲೆ ಪ್ರಾಣಿಯ ಬಾಯಿಗೆ ಬಿದ್ದಿದೆ. ರೋಗದ ಸಾವನ್ನು ತೋಳದ ತಲೆಗೆ ಕಟ್ಟಿದರೆ ಉಳಿದ ಕುರಿಗಳಿಗೆ ಹಾಕಿಸಬೇಕಾದ ಲಸಿಕೆ ತಪ್ಪಿಹೋಗುತ್ತದೆ. ನಮ್ಮ ಪಕ್ಕದ ಹಟ್ಟಿಯಲ್ಲಿ ಒಂದು ರಾತ್ರಿ ಹನ್ನೊಂದು ಕುರಿಗಳಿಗೆ ಗಾಯವಾದಾಗ ಊರೆಲ್ಲ ತೋಳವೆಂದೇ ಹೇಳಿತು. ಹೆಜ್ಜೆಗಳನ್ನು ಹಿಡಿದು ನಡೆದರೆ ಅವು ಹೋಗಿ ಮುಟ್ಟಿದ್ದು ರಸ್ತೆ ಬದಿಯಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಗುಂಡಿಗೆ. ಅಲ್ಲಿ ಬೇಕಾದದ್ದು ಆ ಗುಂಡಿ ಮುಚ್ಚಿಸುವುದು ಮತ್ತು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ನಾಯಿಗಳಿಗೆ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸುವಂತೆ ಪಂಚಾಯಿತಿಯನ್ನು ಒತ್ತಾಯಿಸುವುದಾಗಿತ್ತು.

ಎರಡನೆಯ ಹೆಜ್ಜೆ: ರಾತ್ರಿಯ ದಡ್ಡಿ

ಊರಿನಲ್ಲಿ ಕಾಯಂ ದಡ್ಡಿ (ಕುರಿ ಕೂಡುವ ಕೊಟ್ಟಿಗೆ) ಇರುವವರು ಚಿರತೆ ಓಡಾಡುವ ಸೀಮೆಯಲ್ಲಿದ್ದರೆ ಮೊದಲು ಯೋಚಿಸಬೇಕಾದದ್ದು ಚಾವಣಿಯನ್ನು. ಆಳೆತ್ತರದ ಕಲ್ಲುಗೋಡೆ ಚಿರತೆಗೆ ಅಡ್ಡಿಯೇ ಅಲ್ಲ. ಅದು ಒಳಗೆ ಹಾರಿದ ಮೇಲೆ ಕುರಿಗಳು ಓಡಲಾಗದೆ ಬೆದರಿ ಎಗರಾಡುವುದರಿಂದ ಒಂದನ್ನು ಒಯ್ಯಲು ಬಂದದ್ದು ಹತ್ತನ್ನು ಕೊಂದುಬಿಡುತ್ತದೆ. ಮೇಲೆ ತಗಡು ಹಾಕಲಾಗದಿದ್ದರೆ ಗಟ್ಟಿ ತಂತಿಜಾಲರಿಯನ್ನಾದರೂ ಎಳೆದು ಕಟ್ಟಬೇಕು. ಬಾಗಿಲಿನ ಕೆಳಗೆ, ಪಕ್ಕದಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚಿನ ಸಂದಿ ಇರಬಾರದು. ನಾಯಿ, ನರಿ, ತೋಳಗಳು ನೆಲ ಕೆದರಿ ನುಸುಳುತ್ತವೆ. ಅದಕ್ಕೆ ಜಾಲರಿಯ ಕೆಳ ಅಂಚನ್ನು ಒಂದು ಅಡಿ ಹೂಳಬೇಕು, ಇಲ್ಲವೇ ಹೊರಬದಿಗೆ ಎರಡು ಅಡಿ ಮಡಿಸಿ ಹಾಸಿ ಮೇಲೆ ಕಲ್ಲು ಹೇರಬೇಕು. ಕೆದರುವ ಪ್ರಾಣಿ ಗೋಡೆಯ ಬುಡದಲ್ಲೇ ಕೆದರುತ್ತದೆಯೇ ಹೊರತು ಎರಡು ಅಡಿ ಹಿಂದೆ ಸರಿದು ಸುರಂಗ ತೋಡುವ ಯೋಚನೆ ಮಾಡುವುದಿಲ್ಲ. ದಡ್ಡಿಯ ಸುತ್ತ ಇಪ್ಪತ್ತು ಮೂವತ್ತು ಹೆಜ್ಜೆಗಳಷ್ಟು ಜಾಗದಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿದು, ಆ ಮುಳ್ಳನ್ನೇ ಗೋಡೆಯ ಮೇಲೆ ಹೊರಚಾಚಿಕೊಳ್ಳುವಂತೆ ಹೇರಿದರೆ ಒಂದೇ ಕೂಲಿಯಲ್ಲಿ ಎರಡು ಕೆಲಸವಾಗುತ್ತದೆ.

ಆದರೆ ನಮ್ಮ ಕುರಿಗಾರರಲ್ಲಿ ಬಹಳ ಜನ ವರ್ಷದ ಹೆಚ್ಚಿನ ಪಾಲು ದಡ್ಡಿಯಲ್ಲಿರುವುದಿಲ್ಲ. ಜೋಳ, ತೊಗರಿಯ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ, ಅಂದರೆ ರಾತ್ರಿ ಹೊಲದಲ್ಲೇ ಕೂಡುತ್ತ, ಹೋಗುತ್ತಾರೆ. ಅಲ್ಲಿ ಗೋಡೆಯೆಂದರೆ ನೈಲಾನ್ ಬಲೆ, ಚಾವಣಿಯೆಂದರೆ ಆಕಾಶ. ತರುಬುವ ಹೊಲವನ್ನು ಆರಿಸುವಾಗಲೇ ಅರ್ಧ ಕಾವಲು ಮುಗಿದಿರುತ್ತದೆ. ಕಬ್ಬಿನ ಗದ್ದೆಗೆ, ಹಳ್ಳದ ದಂಡೆಗೆ, ಕೊಯ್ಯದೆ ನಿಂತ ತೊಗರಿಗೆ ತಾಗಿದ ಮೂಲೆಯನ್ನು ಬಿಟ್ಟು, ಸುತ್ತಲೂ ಕಣ್ಣು ಹಾಯುವ ಹೊಲದ ನಡುವೆ ಬಲೆ ಹಾಕಬೇಕು. ಹೊಲದ ಒಡೆಯರು ಗೊಬ್ಬರ ಬೀಳಲೆಂದು ಅಂಚಿನ ಬರಡು ಜಾಗವನ್ನೇ ತೋರಿಸುತ್ತಾರೆ. ಅವರಿಗೆ ಕಾರಣ ವಿವರಿಸಿ ಒಪ್ಪಿಸುವುದು ಹಿಂಡಿನ ಹಿರಿಯನ ಕೆಲಸ. ಕತ್ತಲಾಗುವ ಮೊದಲು ಬಲೆಯ ಸುತ್ತ ಒಮ್ಮೆ ನಡೆದು ಗೂಟಗಳನ್ನು ಅಲುಗಿಸಿ ನೋಡಬೇಕು, ಜೋತುಬಿದ್ದಲ್ಲಿ ಬಿಗಿಯಬೇಕು, ಕೆಳ ಅಂಚಿಗೆ ಕಲ್ಲಿಡಬೇಕು. ಎಳೆಯ ಮರಿಗಳನ್ನು ಬಿದಿರಿನ ಬುಟ್ಟಿಯ ಕೆಳಗೋ ಒಳಬಲೆಯಲ್ಲೋ ಹಿಂಡಿನ ನಟ್ಟನಡುವೆ ಇಟ್ಟು, ಟಗರು, ಹೋತಗಳು ಸುತ್ತ ಮಲಗುವಂತೆ ಮಾಡಬೇಕು. ಗಂಡಸರೆಲ್ಲ ಒಂದೇ ಕಡೆ ಒಲೆಯ ಹತ್ತಿರ ಕಂಬಳಿ ಹೊದ್ದು ಮಲಗುವ ರೂಢಿ ತಪ್ಪಬೇಕು. ಇಬ್ಬರೇ ಇದ್ದರೂ ಎದುರುಬದುರು ಮೂಲೆಗಳಲ್ಲಿ ಮಲಗಿದರೆ ಬಲೆಯ ನಾಲ್ಕೂ ಬದಿಗೆ ಮನುಷ್ಯರ ವಾಸನೆ, ಕೆಮ್ಮು, ಬೀಡಿಯ ಕಿಡಿ ತಲುಪುತ್ತದೆ. ನಾನು ಕಂಡ ಉಪಾಯಗಳಲ್ಲೆಲ್ಲ ಇದಕ್ಕಿಂತ ಅಗ್ಗದ್ದೂ ಇಲ್ಲ, ಗಟ್ಟಿಯಾದದ್ದೂ ಇಲ್ಲ.

ಬೇಲಿಗೆ ಮನೆಯ ಲೈನಿನಿಂದ ನೇರವಾಗಿ ಕರೆಂಟು ಕೊಡುವುದನ್ನು ಎಂದೂ ಮಾಡಬಾರದು. ಅದು ಅಪರಾಧ, ಅದಕ್ಕೂ ಮಿಗಿಲಾಗಿ ಬೆಳಗಿನ ಜಾವ ನೀರು ಬಿಡಲು ಬಂದ ಪಕ್ಕದ ಹೊಲದವನ ಜೀವ ಅದರಲ್ಲಿ ಹೋಗುತ್ತದೆ. ಸೋಲಾರ್ ಬೇಲಿಯಲ್ಲಿ ಕ್ಷಣಕ್ಕೊಮ್ಮೆ ಮಿಡಿಯುವ ಕಿರುವಿದ್ಯುತ್ತು ಹರಿಯುವುದರಿಂದ ಅದು ಹೊಡೆದು ಓಡಿಸುತ್ತದೆ, ಕೊಲ್ಲುವುದಿಲ್ಲ. ಅನುಕೂಲವಿದ್ದವರು ಸರಿಯಾದ ಉಪಕರಣವನ್ನು ತಿಳಿದವರಿಂದ ಹಾಕಿಸಿಕೊಳ್ಳಬಹುದು.

ಮೂರನೆಯ ಹೆಜ್ಜೆ: ಮೇಯಿಸುವಾಗಿನ ಎಚ್ಚರ

ಬೆಳಗ್ಗೆ ಬಿಡುವಾಗ, ಮಧ್ಯಾಹ್ನ ನೀರು ಕುಡಿಸುವಾಗ, ಸಂಜೆ ಕೂಡುವಾಗ ಹೀಗೆ ಮೂರು ಸಲ ಎಣಿಸಬೇಕು. ನಮ್ಮ ಅಜ್ಜ ಸಂಜೆ ಊಟಕ್ಕೆ ಕೂರುವ ಮೊದಲು ಕೇಳುತ್ತಿದ್ದ ಮಾತು ಒಂದೇ: "ತಮ್ಮಾ, ಎಣಸೀದಿ?" ಎಣಿಸದಿದ್ದರೆ ಮತ್ತೆ ಎದ್ದು ಹೋಗಬೇಕಿತ್ತು. ಮಧ್ಯಾಹ್ನವೇ ಒಂದು ಕಡಿಮೆಯೆಂದು ತಿಳಿದರೆ ಬಿಸಿಲಿರುವಾಗ ಹುಡುಕಿ ತರಬಹುದು. ಮರುದಿನ ತಿಳಿದರೆ ಸಿಗುವುದು ಉಣ್ಣೆ ಮಾತ್ರ.

ತೋಳಗಳ ಬೇಟೆಯ ಸಮಯ ಹೆಚ್ಚಾಗಿ ನಸುಕು ಮತ್ತು ಮುಸ್ಸಂಜೆ. ಜೋಡಿಯಾಗಿ ಬಂದಾಗ ಒಂದು ಬಯಲಲ್ಲಿ ಎದ್ದು ಕಾಣಿಸಿಕೊಂಡು ನಾಯಿಗಳನ್ನೂ ಕುರಿಗಾರನನ್ನೂ ತನ್ನತ್ತ ಎಳೆಯುತ್ತದೆ. ಅಷ್ಟರಲ್ಲಿ ಹಳ್ಳದಲ್ಲಿ ಅಡಗಿದ್ದ ಇನ್ನೊಂದು ಹಿಂದಿನಿಂದ ಮರಿಯನ್ನು ಎತ್ತುತ್ತದೆ. ಆದ್ದರಿಂದ ತೋಳ ಕಂಡಾಗ ಎಲ್ಲರೂ ಅದರ ಬೆನ್ನು ಹತ್ತಬಾರದು. ಒಬ್ಬರು ಕೂಗಿ ಬೆದರಿಸುವಾಗ ಇನ್ನೊಬ್ಬರು ಹಿಂಡನ್ನು ಒತ್ತೊತ್ತಾಗಿ ಕೂಡಿಸಿ ವಿರುದ್ಧ ದಿಕ್ಕಿಗೆ ಮುಖಮಾಡಿ ನಿಲ್ಲಬೇಕು. ಮೇಯಿಸಲು ಇಬ್ಬರಿದ್ದರೆ ಒಬ್ಬರು ಮುಂದೆ, ಒಬ್ಬರು ಕೊನೆಯ ಕುರಿಯ ಹಿಂದೆ ನಡೆಯಬೇಕು. ಒಬ್ಬರೇ ಇದ್ದರೆ ಹಿಂದೆಯೇ ನಡೆಯಬೇಕು, ಮುಂದಿನ ದಾರಿಯನ್ನು ಪಳಗಿದ ಆಡಿಗೆ ಬಿಡಬೇಕು. ಕುಂಟುವ ಕುರಿ, ಈಯುವ ದಿನ ಹತ್ತಿರವಾದ ಕುರಿ, ಅಂದೇ ಹುಟ್ಟಿದ ಮರಿಗಳನ್ನು ಗುಡ್ಡಕ್ಕೆ ಒಯ್ಯದೆ ಬಿಡಾರದ ಹತ್ತಿರವೇ ಮೇಯಿಸುವುದು ಉತ್ತಮ. ಬಯಲಲ್ಲೇ ಈದರೆ ಮರಿಯನ್ನು ಜೋಳಿಗೆಯಲ್ಲಿ ಎತ್ತಿಕೊಳ್ಳಬೇಕು, ಮಾಸನ್ನು ಆಳವಾಗಿ ಹೂಳಬೇಕು. ಮಾಸಿನ ವಾಸನೆಗೆ ನರಿ ಬರುತ್ತದೆ. ಒಮ್ಮೆ ಅದಕ್ಕೆ ಬಂದದ್ದು ಮುಂದಿನ ಸಲ ಮರಿಗೇ ಬರುತ್ತದೆ. ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವ ಅಭ್ಯಾಸವೂ ಇಂಥದ್ದೇ. ಅದನ್ನು ಸುಣ್ಣ ಹಾಕಿ ನಾಯಿ ಕೆದರಲಾಗದಷ್ಟು ಆಳಕ್ಕೆ ಹೂಳಬೇಕು.

ತೋಳಗಳು ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಅವುಗಳ ಗವಿ ಇದೆಯೆಂದು ತಿಳಿದ ದಿಣ್ಣೆಯ ಸುತ್ತ ಹಿಂಡು ಒಯ್ಯದಿದ್ದರೆ ಆ ಋತುವಿನ ನಷ್ಟದ ದೊಡ್ಡ ಭಾಗ ತಪ್ಪುತ್ತದೆ, ಏಕೆಂದರೆ ಮರಿಗಳಿಗೆ ಆಹಾರ ಒಯ್ಯಬೇಕಾದ ತಂದೆತಾಯಿಗಳು ಗವಿಯಿಂದ ಬಹಳ ದೂರ ಹೋಗಲಾರವು. ಗವಿಗೆ ಹೊಗೆ ಹಾಕುವುದು, ಬಾಯಿ ಮುಚ್ಚುವುದು ಕ್ರೌರ್ಯ ಮತ್ತು ಅಪರಾಧ ಎರಡೂ ಹೌದು. ನಮ್ಮ ಹಿರಿಯರು ಅದನ್ನು ಮಾಡಿದವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ.

ನಾಲ್ಕನೆಯ ಹೆಜ್ಜೆ: ನಾಯಿ

ಬಾಗಲಕೋಟೆ ಜಿಲ್ಲೆಯವರಾದ ನಮಗೆ ನಾಯಿಯೆಂದರೆ ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಅದರ ಮೇಲೆ ನನಗೂ ಅಭಿಮಾನವಿದೆ. ಆದರೂ ಹಿಂಡಿನ ಕಾವಲಿಗೆ ಅದೊಂದನ್ನೇ ನೆಚ್ಚಬಾರದು ಎಂದು ಹೇಳಲೇಬೇಕು. ಮುಧೋಳ ನಾಯಿ ಕಣ್ಣಿನಿಂದ ಗುರುತಿಸಿ ಅಟ್ಟಿಸಿಕೊಂಡು ಹೋಗುವ ಬೇಟೆಯ ತಳಿ. ಓಡುವುದು ಕಂಡರೆ ಓಡುತ್ತದೆ, ಹಿಂಡು ಹಿಂದೆ ಉಳಿಯುತ್ತದೆ. ಕಾವಲಿಗೆ ಬೇಕಾದದ್ದು ಹಿಂಡನ್ನು ಬಿಟ್ಟು ಕದಲದೆ ಕುರಿಗೂ ಕಾಡಿಗೂ ನಡುವೆ ನಿಂತು ಬೊಗಳುವ ನಾಯಿ. ಅಂಥ ಸ್ವಭಾವ ನಮ್ಮ ಹಟ್ಟಿಗಳ ಸಾಮಾನ್ಯ ದಪ್ಪಮೈಯ ನಾಯಿಗಳಲ್ಲೇ ಸಿಗುತ್ತದೆ. ಮುಧೋಳ ನಾಯಿ ಇದ್ದವರು ಜೊತೆಗೆ ಇಂಥ ಎರಡನ್ನು ಸಾಕಿದರೆ ಒಂದು ಮುಂದೆ ನುಗ್ಗಿದಾಗ ಇನ್ನೆರಡು ಹಿಂಡಿನಲ್ಲಿ ಉಳಿಯುತ್ತವೆ.

ಕಾವಲು ನಾಯಿಯನ್ನು ಎಳವೆಯಲ್ಲೇ ತಿದ್ದಬೇಕು. ಎಂಟು ವಾರದ ಮರಿಯನ್ನು ತಂದು ಮುಂದಿನ ಎರಡು ತಿಂಗಳು ಕುರಿಮರಿಗಳ ಜೊತೆಯಲ್ಲೇ ಮಲಗಿಸಿ, ಅಲ್ಲೇ ಅನ್ನ ಹಾಕಿದರೆ ಅದಕ್ಕೆ ಕುರಿಗಳೇ ಮನೆಯವರಾಗುತ್ತವೆ. ಮಕ್ಕಳ ಜೊತೆ ಮನೆಯಲ್ಲಿ ಬೆಳೆದ ನಾಯಿ ಮನೆಯನ್ನೇ ಕಾಯುತ್ತದೆ. ಮರಿಯನ್ನು ಅಟ್ಟಿಸಿದಾಗ, ಕಿವಿ ಕಚ್ಚಿದಾಗ ಅದೇ ಕ್ಷಣ ಗದರಿಸಬೇಕು. ಸತ್ತ ಕುರಿಯ ಹಸಿ ಮಾಂಸವನ್ನು ಹಾಕಲೇಬಾರದು. ಜೋಳದ ನುಚ್ಚು, ರೊಟ್ಟಿ, ಮಜ್ಜಿಗೆಯ ಜೊತೆಗೆ ಬೇಯಿಸಿದ ಮೊಟ್ಟೆ ಕೊಡಬೇಕು, ಹೊಟ್ಟೆ ತುಂಬ ಕೊಡಬೇಕು. ಹಸಿದ ನಾಯಿ ಚೆನ್ನಾಗಿ ಕಾಯುತ್ತದೆ ಎಂಬುದು ಸುಳ್ಳು. ಅದು ರಾತ್ರಿ ಊರಿನ ತಿಪ್ಪೆ ಹುಡುಕಿ ಹೋಗುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ನಾಯಿಗಳಿಂದ ತೋಳಗಳಿಗೆ ಹರಡುವ ರೋಗವಾದ ಡಿಸ್ಟೆಂಪರ್‌ಗೂ ಲಸಿಕೆಯಿದೆ. ಕುತ್ತಿಗೆಗೆ ಕಬ್ಬಿಣದ ಮೊಳೆಗಳು ಹೊರಚಾಚಿದ ಅಗಲವಾದ ಚರ್ಮದ ಪಟ್ಟಿ ಕಟ್ಟಿದರೆ ಚಿರತೆಯ ಬಾಯಿಂದಲೂ ಅದು ಬದುಕಿ ಬರಬಹುದು. ಕಾವಲು ನಾಯಿಯನ್ನು ಮೊಲದ ಬೇಟೆಗೆ ಬಿಡುವುದು ಕಾನೂನಿಗೂ ವಿರುದ್ಧ, ಕಾವಲಿಗೂ ಕೇಡು.

ಐದನೆಯ ಹೆಜ್ಜೆ: ಬೆಳಕು, ಬಟ್ಟೆ, ಸದ್ದು

ಇವು ಮೇಲಿನ ನಾಲ್ಕಕ್ಕೆ ಸೇರಿಸಿಕೊಳ್ಳುವ ಉಪಾಯಗಳು, ಅವುಗಳ ಬದಲಿಗೆ ನಿಲ್ಲುವಂಥವಲ್ಲ. ಪೂರ್ವ ಯುರೋಪಿನಲ್ಲಿ ಹಿಂದಿನ ಕಾಲದಲ್ಲಿ ತೋಳಗಳನ್ನು ಸುತ್ತುವರಿಯಲು ಹಗ್ಗಕ್ಕೆ ಕೆಂಪು ಬಟ್ಟೆಯ ಚಿಂದಿ ಕಟ್ಟುತ್ತಿದ್ದರು. ಗಾಳಿಗೆ ಆಡುವ ಆ ಸಾಲನ್ನು ದಾಟಲು ತೋಳ ಹಿಂಜರಿಯುತ್ತದೆ. ಇಂದು ಅದನ್ನೇ ಹಿಂಡು ಕಾಯಲು ಬಳಸುತ್ತಾರೆ. ಹಂದಿಗಳಿಗೆಂದು ಹೊಲದ ಸುತ್ತ ಹಳೆಯ ಸೀರೆ ಕಟ್ಟುವ ನಮ್ಮ ರೈತರಿಗೆ ಇದು ಕಷ್ಟವಲ್ಲ. ಗೇಣಗಲದ ಚಿಂದಿಗಳನ್ನು ಒಂದು ಮೊಳಕ್ಕೊಂದರಂತೆ ಹಗ್ಗಕ್ಕೆ ಕಟ್ಟಿ, ತುದಿ ನೆಲಕ್ಕೆ ತಾಗುವುದಕ್ಕೆ ಸ್ವಲ್ಪ ಮೇಲಿರುವಂತೆ ಬಲೆಯಿಂದ ಆರೇಳು ಹೆಜ್ಜೆ ಹೊರಗೆ ಸುತ್ತಬೇಕು. ಒಂದೆರಡು ತಿಂಗಳಲ್ಲಿ ತೋಳಕ್ಕೆ ಅದು ರೂಢಿಯಾಗುತ್ತದೆ; ಆದ್ದರಿಂದ ವರ್ಷವಿಡೀ ಕಟ್ಟದೆ ಕುರಿ ಈಯುವ ದಿನಗಳಿಗೆಂದು ಎತ್ತಿಡುವುದು ಜಾಣತನ. ಚಿರತೆಯ ಮೇಲೆ ಇದನ್ನು ನೆಚ್ಚಬೇಡಿ.

ಬೇರೆಬೇರೆ ಬಣ್ಣದಲ್ಲಿ, ನಿಯಮವಿಲ್ಲದೆ ಮಿನುಗುವ ಸೋಲಾರ್ ದೀಪಗಳು ಯಾರೋ ಬ್ಯಾಟರಿ ಹಿಡಿದು ಅಡ್ಡಾಡುತ್ತಿರುವಂತೆ ತೋರುವುದರಿಂದ ಎಲ್ಲ ಪ್ರಾಣಿಗಳಿಗೂ ಸ್ವಲ್ಪ ಅಂಜಿಕೆ ಹುಟ್ಟಿಸುತ್ತವೆ. ಅವುಗಳ ಜಾಗವನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಸದಾ ಉರಿಯುವ ಒಂದೇ ಬಲ್ಬು, ರಾತ್ರಿಯಿಡೀ ಹಾಡುವ ರೇಡಿಯೊ ಬಹುಬೇಗ ಹಳತಾಗುತ್ತವೆ. ಕುರಿಗಳ ಕೊರಳ ಗಂಟೆಯಿಂದ ಪ್ರಾಣಿ ಹೆದರದಿದ್ದರೂ ಹಿಂಡು ಥಟ್ಟನೆ ಎದ್ದ ಸದ್ದು ಮಲಗಿದವರನ್ನು ಎಬ್ಬಿಸುತ್ತದೆ.

ಹಾಗಿದ್ದೂ ಕುರಿ ಹೋದರೆ

ಅದೇ ದಿನ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಬೇಕು, ಪಶುವೈದ್ಯರಿಗೆ 1962. ಸಿಬ್ಬಂದಿ ಬಂದು ನೋಡುವವರೆಗೆ ಹೆಣವನ್ನು ಕದಲಿಸಬಾರದು. ಗಾಯ, ಹೆಜ್ಜೆ, ಎಳೆದ ಗುರುತುಗಳ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯೊಂದನ್ನು ಇಟ್ಟು, ಅಳತೆ ತಿಳಿಯುವಂತೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರದ ಅರ್ಜಿ ಮುಂದೆ ಹೋಗುವುದಿಲ್ಲ. ಅಲೆಮಾರಿ ಕುರಿಗಾರರು ಬೇರೆ ತಾಲೂಕಿನಲ್ಲಿದ್ದಾಗ ಇದನ್ನೆಲ್ಲ ಬಿಟ್ಟುಬಿಡುತ್ತಾರೆ. ಕುರಿ ಸತ್ತ ಸ್ಥಳದ ವಲಯ ಕಚೇರಿಯಲ್ಲೇ ಅರ್ಜಿ ಕೊಡಬೇಕು ಎಂಬುದನ್ನು ನೆನಪಿಡಬೇಕು. ಮನುಷ್ಯರಿಗೆ ಹಲ್ಲು ತಾಗಿದ್ದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆ ಆರಂಭಿಸಬೇಕು. ಕಚ್ಚಿಸಿಕೊಂಡು ಬದುಕಿದ ಕುರಿಯ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಕಬ್ಬಿನಲ್ಲಿ ಚಿರತೆ ಅಡಗಿದೆಯೆಂದು ಗೊತ್ತಾದರೆ ಜನ ಸೇರಿ ಸುತ್ತುವರಿಯುವುದು ಎಲ್ಲಕ್ಕಿಂತ ಅಪಾಯಕಾರಿ. ಅದಕ್ಕೆ ಹೊರಟುಹೋಗಲು ಒಂದು ದಿಕ್ಕನ್ನು ತೆರೆದಿಟ್ಟು ದೂರ ನಿಲ್ಲಬೇಕು.

ಒಮ್ಮೆ ಸಿಕ್ಕ ಜಾಗಕ್ಕೆ ಪ್ರಾಣಿ ಮರುದಿನ, ಅದರ ಮರುದಿನವೂ ಬರುತ್ತದೆ. ಹೊಲದಲ್ಲಿ ತರುಬಿದವರು ಅಂದೇ ಬಲೆ ಕಿತ್ತು ಬೇರೆ ಹೊಲಕ್ಕೆ ಸಾಗಬೇಕು. ಊರ ದಡ್ಡಿಯವರು ಅದು ನುಗ್ಗಿದ ಸಂದಿಯನ್ನು ಕತ್ತಲಾಗುವ ಮೊದಲು ಮುಚ್ಚಿ, ಮೂರು ರಾತ್ರಿ ಸರದಿಯಲ್ಲಿ ಎಚ್ಚರವಿದ್ದು, ಸದ್ದಾದ ಕೂಡಲೇ ಬ್ಯಾಟರಿಯ ಬೆಳಕು ಹಾಯಿಸಿ ಕೂಗಬೇಕು.